ಎರಡು ವಯರಿನ ಗೋಡೆ, ಕೆಂಪು ಗುಂಡಿಯ ಬಾಯ್ಲರು

ಮನೆಯೊಳಗಿನ ಯಂತ್ರಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮಂಗಳೂರಿನ ನಿವೃತ್ತ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಒಬ್ಬರ ಉತ್ತರ

ಪ್ರಶ್ನೆ: ನಾನು ನಿವೃತ್ತ ಟೀಚರ್. ಮಗಳು, ಅಳಿಯ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಳೆಯ ಮನೆಯೊಂದನ್ನು ಕೊಂಡಿದ್ದಾರೆ. ನೆಲಮಾಳಿಗೆಯಲ್ಲಿ ಎಣ್ಣೆಯ ಬಾಯ್ಲರ್. ಕೋಣೆಗಳಲ್ಲಿ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರ್. ಗೋಡೆಯಲ್ಲಿ ದುಂಡನೆಯ ಹಳೇ ಥರ್ಮೋಸ್ಟಾಟ್. ಅದನ್ನು ತೆಗೆದು ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿದರೆ ಎಣ್ಣೆಯ ಖರ್ಚು ಅರ್ಧ ಆಗುತ್ತದೆ ಎನ್ನುತ್ತಾನೆ ಅಳಿಯ. ಅವನ ಗೆಳೆಯನೊಬ್ಬ 2012ರ ನೆಸ್ಟ್ ಎಂಬ ಸ್ಮಾರ್ಟ್ ಥರ್ಮೋಸ್ಟಾಟ್ ಒಂದನ್ನು ಪುಕ್ಕಟೆ ಕೊಡುತ್ತಾನಂತೆ. ಮಗಳು ಅದರ ಆಪ್ ನನ್ನ ಫೋನಿಗೂ ಹಾಕಿಕೊಡುತ್ತಾಳಂತೆ. ಡಿಸೆಂಬರಿನಲ್ಲಿ ನಾನು ಅಲ್ಲಿಗೆ ಹೋಗುವವಳು, ನನಗೆ ಚಳಿ ತಡೆಯುವುದಿಲ್ಲ. ಇದನ್ನೆಲ್ಲ ನಂಬಬಹುದೇ? ಹಳೆಯ ದುಂಡನೆಯದು ನೋಡಲು ಚಂದ ಉಂಟು, ಊರಿಗೆ ತರಲೇ?
– ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಟೀಚರೇ, ಅರ್ಧ ಆಗುವುದಿಲ್ಲ. ಇದನ್ನು ನೀವು ಹೇಳಿದ್ದು ಅಂತ ಅಳಿಯನಿಗೆ ಗೊತ್ತಾಗುವುದು ಬೇಡ. ಪತ್ರಿಕೆಯಲ್ಲಿ ಬಂದಿದೆ ಅನ್ನಿ.

ಥರ್ಮೋಸ್ಟಾಟ್ ಅಂದರೆ ಒಂದು ಸ್ವಿಚ್ಚು, ಅಷ್ಟೇ. ನಮ್ಮ ಹೋಟೆಲಿನ ಸಪ್ಲೈಯರ್ ಒಳಗೆ ತಿರುಗಿ "ಎರಡು ನೀರ್‌ದೋಸೆ" ಅಂತ ಕೂಗುತ್ತಾನಲ್ಲ, ಹಾಗೆ. ಕೋಣೆ ತಣ್ಣಗಾದಾಗ "ಬಾಯ್ಲರ್ ಹಚ್ಚು" ಅನ್ನುತ್ತದೆ, ಬಿಸಿಯಾದಾಗ "ಸಾಕು" ಅನ್ನುತ್ತದೆ. ಎಷ್ಟೇ ಚುರುಕಿನ ಸಪ್ಲೈಯರ್ ಬಂದರೂ ಒಲೆ ಕಡಿಮೆ ಗ್ಯಾಸ್ ತಿನ್ನುವುದಿಲ್ಲ. ಗಿರಾಕಿ ಇಲ್ಲದ ಟೇಬಲಿಗೆ ದೋಸೆ ಹೋಗುವುದು ತಪ್ಪುತ್ತದೆ. ಉಳಿತಾಯ ಬರುವುದಾದರೆ ಅಲ್ಲಿಂದ ಮಾತ್ರ.

ನನಗೆ ಇದು ಹೇಗೆ ಗೊತ್ತು ಅಂದರೆ, ಬೈಕಂಪಾಡಿಯ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ 31 ವರ್ಷ ದುಡಿದವನು ನಾನು. ಅಲ್ಲಿ ಉರಿಸುತ್ತಿದ್ದದ್ದು ಫರ್ನೇಸ್ ಆಯಿಲ್. ಹಲಸಿನ ಮೇಣದ ಹಾಗೆ ದಪ್ಪ. ಕಾಯಿಸದೆ ನಾಜಲಿನಿಂದ ಹೊರಗೆ ಬರುವುದೇ ಇಲ್ಲ. ನಿವೃತ್ತಿಯಾದ ಮೇಲೆ ನ್ಯೂ ಹ್ಯಾಂಪ್‌ಶೈರಿನ ಮಗನ ಮನೆಯಲ್ಲಿ ಎರಡು ಚಳಿಗಾಲ ಕಳೆದೆ. ಅಮೆರಿಕದ ಆ ಈಶಾನ್ಯ ಮೂಲೆಯಲ್ಲಿ ಎಣ್ಣೆ ಉರಿಸಿ ಮನೆ ಬೆಚ್ಚಗಿಡುವುದು ಈಗಲೂ ಸಾಮಾನ್ಯ. ಮನೆಗೆ ಬರುವ ಎಣ್ಣೆ ಹೆಚ್ಚುಕಡಿಮೆ ಡೀಸೆಲ್ಲೇ. ಲಾರಿ, ಕಾರಿಗೆ ಹಾಕುವ ಡೀಸೆಲಿಗೆ ರಸ್ತೆ ತೆರಿಗೆ ಉಂಟು, ಇದಕ್ಕಿಲ್ಲ. ಗುರುತಿಗೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಕುಂಕುಮದ ನೀರಿನ ಹಾಗೆ ಕಾಣುತ್ತದೆ.

ಆ ಬಾಯ್ಲರನ್ನು ನೋಡಿದ ಕೂಡಲೇ ನನಗೆ ಹಳೇ ಸಹೋದ್ಯೋಗಿ ಸಿಕ್ಕಿದ ಹಾಗಾಯಿತು. ಗಾತ್ರ ಸಣ್ಣದು, ಕೆಲಸ ಅದೇ. ಪಂಪು ಒತ್ತುತ್ತದೆ, ನಾಜಲು ಎಣ್ಣೆಯನ್ನು ಮಂಜಿನ ಹಾಗೆ ಎರಚುತ್ತದೆ, ಕಿಡಿ ಹಾರುತ್ತದೆ, ಬೆಂಕಿ ಹತ್ತಿತೋ ಇಲ್ಲವೋ ಅಂತ ಒಂದು ಸಣ್ಣ ಬೆಳಕಿನ ಕಣ್ಣು ನೋಡುತ್ತಾ ಇರುತ್ತದೆ. ಬೆಂಕಿ ಕಾಣದಿದ್ದರೆ ಕೆಲವು ಸೆಕೆಂಡಿನಲ್ಲಿ ಎಲ್ಲ ಬಂದ್.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಗಳಿಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ: ಆ ದುಂಡನೆಯದರ ಹಿಂದೆ ಎಷ್ಟು ವಯರು ಉಂಟು?

ಎರಡೇ ಇರುವ ಸಾಧ್ಯತೆ ಜಾಸ್ತಿ. ಹಳೆಯದಕ್ಕೆ ಅಷ್ಟೇ ಸಾಕಿತ್ತು. ಅದಕ್ಕೆ ಕರೆಂಟು ಬೇಡ. ಒಳಗೆ ಎರಡು ಬಗೆಯ ಲೋಹ ಬೆಸೆದ ಸುರುಳಿ ಇರುತ್ತದೆ. ಚಳಿಗೊಮ್ಮೆ ಬಿಸಿಗೊಮ್ಮೆ ಅದು ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಅದರ ತುದಿಗೆ ಗಾಜಿನ ಪುಟ್ಟ ಬುರುಡೆ, ಬುರುಡೆಯಲ್ಲಿ ಪಾದರಸ. ಬುರುಡೆ ವಾಲಿದಾಗ ಪಾದರಸ ಒಂದು ಬದಿಗೆ ಓಡಿ ಎರಡು ತಂತಿಗಳನ್ನು ಕೂಡಿಸುತ್ತದೆ. ಬಾಯ್ಲರ್ ಹತ್ತುತ್ತದೆ. ಆಚೆ ವಾಲಿದರೆ ಆರುತ್ತದೆ. ಇಷ್ಟೇ ಕತೆ. ಹೀಗೆ ಅರ್ಧ ಶತಮಾನ ಕೆಲಸ ಮಾಡಿದವು ಎಷ್ಟೋ ಇವೆ.

ಸ್ಮಾರ್ಟ್ ಆದದ್ದಕ್ಕೆ ಪರದೆ ಉಂಟು, ವೈಫೈ ಉಂಟು. ಅಂದರೆ ಹಗಲು ರಾತ್ರಿ ಹೊಟ್ಟೆಗೆ ಬೇಕು. ಅದಕ್ಕೆ ಮೂರನೆಯ ವಯರು ಬೇಕಾಗುತ್ತದೆ, ಅದನ್ನು ಸಿ ವಯರ್ ಅನ್ನುತ್ತಾರೆ. ಅದು ಇಲ್ಲದಿದ್ದರೆ ಕೆಲವು ಮಾಡೆಲ್‌ಗಳು ಒಂದು ಉಪಾಯ ಮಾಡುತ್ತವೆ. ಬಾಯ್ಲರ್ ಆರಿರುವಾಗ ಅದೇ ಎರಡು ವಯರಿನಿಂದ ಚೂರು ಚೂರು ಕರೆಂಟು ಕದ್ದು ಒಳಗಿನ ಬ್ಯಾಟರಿ ತುಂಬಿಸಿಕೊಳ್ಳುತ್ತವೆ. ಗ್ಯಾಸಿನ ಹೊಸ ಬಾಯ್ಲರಿನಲ್ಲಿ ಇದು ಹೇಗೋ ನಡೆಯುತ್ತದೆ. ಹಳೆಯ ಎಣ್ಣೆ ಬರ್ನರಿನ ಕಂಟ್ರೋಲ್ ಪೆಟ್ಟಿಗೆಯಲ್ಲಿ ಟಿ-ಟಿ ಅಂತ ಎರಡು ಸ್ಕ್ರೂ ಇರುತ್ತವೆ. ಥರ್ಮೋಸ್ಟಾಟಿನ ವಯರು ಬರುವುದು ಅಲ್ಲಿಗೆ. ಆ ಸ್ಕ್ರೂಗಳು ಇನ್ನೊಂದು ಯಂತ್ರವನ್ನು ಸಾಕುವುದಕ್ಕೆ ಇಟ್ಟದ್ದಲ್ಲ.

ಇದು ಗೊತ್ತಿದ್ದೂ ನಾನು ಮೋಸ ಹೋದೆ. ಮಗ ಹೊಸದು ತಂದಿದ್ದ, ಬ್ರಾಂಡಿನ ಹೆಸರು ಇಲ್ಲಿ ಬೇಡ. "ಅಪ್ಪಾ, ಡಬ್ಬದ ಮೇಲೆ ಎರಡು ವಯರ್ ಸಾಕು ಅಂತ ಬರೆದಿದ್ದಾರೆ" ಅಂದ. ಇಪ್ಪತ್ತು ನಿಮಿಷದಲ್ಲಿ ಹಾಕಿದೆವು. ಪರದೆ ಬೆಳಗಿತು. ಮೂರು ದಿನ ಚೆನ್ನಾಗಿಯೇ ಇತ್ತು. ನಾಲ್ಕನೇ ರಾತ್ರಿ ಹೊರಗೆ ಮೈನಸ್ 15. ಬೆಳಗ್ಗೆ ನಾಲ್ಕಕ್ಕೆ ಮೂಗಿನ ತುದಿ ತಣ್ಣಗಾಗಿ ಎಚ್ಚರವಾಯಿತು. ಗೋಡೆಯ ಪರದೆ ಕಪ್ಪು. ಮಗನ ಟೈಮ್‌ಪೀಸಿನಲ್ಲಿ ಕೋಣೆಯ ಉಷ್ಣತೆ 52 ಅಂತ ತೋರಿಸುತ್ತಿತ್ತು, ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 11 ಡಿಗ್ರಿ. ಮಂಗಳೂರಿನಲ್ಲಿ 20 ಆದರೇ ನಾನು ಮಫ್ಲರ್ ಹುಡುಕುವವನು, ಮಾರಾಯ್ರೇ.

ಆದದ್ದು ಇಷ್ಟು. ಚಳಿ ಜಾಸ್ತಿಯಾದ ಹಾಗೆ ಬಾಯ್ಲರ್ ಬಿಡುವಿಲ್ಲದೆ ಉರಿಯಬೇಕು. ಉರಿಯುವಾಗ ಆ ಎರಡು ವಯರು ಕೂಡಿಕೊಂಡಿರುತ್ತವೆ, ಕದಿಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಯಾವ ರಾತ್ರಿ ಅದು ಎದ್ದಿರಬೇಕೋ ಅದೇ ರಾತ್ರಿ ಬ್ಯಾಟರಿ ಮುಗಿದು ಮಲಗಿತು. ಮೂರು ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡು ಕೆಳಗೆ ಇಳಿದೆ. ಪೆಟ್ಟಿಗೆಯ ಮೇನ್ ಸ್ವಿಚ್ಚು ಆಫ್ ಮಾಡಿ, ಟಿ-ಟಿಯ ವಯರು ಕಳಚಿ, ಗೇಣುದ್ದದ ಒಂದು ತುಂಡು ವಯರಿನಿಂದ ಆ ಎರಡು ಸ್ಕ್ರೂ ಕೂಡಿಸಿ, ಪುನಃ ಸ್ವಿಚ್ಚು ಹಾಕಿದೆ. ಧಡ್ ಅಂತ ಸದ್ದು, ಆಮೇಲೆ ಹೂಂ ಅಂತ ಬೆಂಕಿಯ ಉಸಿರು. ಬೆಳಗಾಗುವವರೆಗೆ ಅಲ್ಲೇ ಮೆಟ್ಟಿಲಿನ ಮೇಲೆ ಕೂತಿದ್ದೆ. ಥರ್ಮೋಸ್ಟಾಟ್ ಬದಲು ನಾನೇ. ನಿಮ್ಮ ಅಳಿಯ ಇದನ್ನು ಮಾಡುವುದು ಬೇಡ. ಅದೇ ಪೆಟ್ಟಿಗೆಯಲ್ಲಿ ಬೆರಳಗಲದ ದೂರದಲ್ಲಿ 120 ವೋಲ್ಟಿನ ತಂತಿಯೂ ಉಂಟು.

ಹಾಗಾದರೆ ಏನು ಮಾಡುವುದು? ಎರಡು ದಾರಿ. ಎರಡು ಪೆನ್ಸಿಲ್ ಸೆಲ್‌ನಲ್ಲಿ ನಡೆಯುವ ವೈಫೈ ಥರ್ಮೋಸ್ಟಾಟ್‌ಗಳೂ ಬರುತ್ತವೆ. ಅದನ್ನು ಹಾಕಿ, ಚಳಿ ಶುರುವಾಗುವ ಮೊದಲು ಸೆಲ್ ಬದಲಿಸಿದರೆ ಆಯಿತು. ನಿಮ್ಮ ಮಗಳ ಮನೆಗೆ ನಾನಾದರೆ ಇದನ್ನೇ ಹೇಳುತ್ತೇನೆ. ಚಂದದ ಪರದೆಯೇ ಬೇಕು ಅಂದರೆ ಇನ್ನೊಂದು ದಾರಿ: ಬಾಯ್ಲರಿನ ಪಕ್ಕ ಬೇರೆಯೇ 24 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್, ಒಂದು ರಿಲೇ (ಕರೆಂಟು ಬಂದಾಗ ತಾನೇ ಕೂಡಿಕೊಳ್ಳುವ ಸ್ವಿಚ್ಚು), ಮೇಲಿನವರೆಗೆ ಹೊಸ ಕೇಬಲ್. ಥರ್ಮೋಸ್ಟಾಟ್ ಆ ಟ್ರಾನ್ಸ್‌ಫಾರ್ಮರಿನಿಂದ ಉಣ್ಣುತ್ತದೆ, ರಿಲೇಗೆ ಹೇಳುತ್ತದೆ, ರಿಲೇ ಟಿ-ಟಿಯನ್ನು ಕೂಡಿಸುತ್ತದೆ. ಹೊರಗಿನ ಟ್ರಾನ್ಸ್‌ಫಾರ್ಮರಿನ ಕರೆಂಟು ಮಾತ್ರ ನೇರ ಟಿ-ಟಿಗೆ ಹೋಗಕೂಡದು, ಬರ್ನರಿನ ಕಂಟ್ರೋಲ್ ಸುಟ್ಟು ಹೋಗುತ್ತದೆ. ಯೂಟ್ಯೂಬ್ ನೋಡಿ ಕೆಲಸ ಮಾಡುವವರು ಎಡವುವುದು ಇಲ್ಲೇ.

ನಾವು ಕೊನೆಗೆ ಈ ಎರಡನೆಯದನ್ನೇ ಮಾಡಿಸಿದೆವು. ಬಂದ ಮೆಕ್ಯಾನಿಕ್ ಒಬ್ಬ ಗಡ್ಡದ ಮುದುಕ, ನನ್ನ ಪ್ರಾಯದವನೇ. ಹಳೆಯ ವಯರಿನ ತುದಿಗೆ ಐದು ಎಳೆಯ ಹೊಸ ಕೇಬಲನ್ನು ಬಿಗಿದು, ಮೇಲೆ ಟೇಪು ಸುತ್ತಿ, ಕೆಳಗಿನಿಂದ ಎಳೆ ಅಂತ ನನಗೆ ಹೇಳಿದ. ಲಂಗಕ್ಕೆ ಲಾಡಿ ಹಾಕುವಾಗ ಪಿನ್ನು ಚುಚ್ಚಿ ಎಳೆಯುತ್ತಾರಲ್ಲ, ಅದೇ ವಿದ್ಯೆ. ಒಂದು ಕಡೆ ಸಿಕ್ಕಿಹಾಕಿಕೊಂಡಿತು. ಅವನು ಮೇಲಿನಿಂದ ಸ್ವಲ್ಪ ಹಿಂದಕ್ಕೆ ಜಗ್ಗಿದ, ನಾನು ಎಳೆದೆ, ಬಂತು. ಬೇಕಾದದ್ದು ಮೂರೇ ಎಳೆ. ಉಳಿದೆರಡನ್ನು ಸುರುಳಿ ಸುತ್ತಿ ಗೋಡೆಯೊಳಗೆ ತಳ್ಳಿ, "ಮುಂದಿನವನಿಗೆ" ಅಂದ. ನಿಮ್ಮ ಮಗಳ ಗೋಡೆಯಲ್ಲೂ ಹಿಂದಿನವನು ಯಾರಾದರೂ ಹೀಗೆ ಒಂದೆರಡು ಎಳೆ ಬಿಟ್ಟು ಹೋಗಿರಬಹುದು. ಮೊದಲು ಹುಡುಕಲು ಹೇಳಿ.

ಗೆಳೆಯ ಕೊಡುವ ನೆಸ್ಟ್ ಬೇಡ. 2011, 2012ರ ಮೊದಲೆರಡು ತಲೆಮಾರಿನ ನೆಸ್ಟ್‌ಗಳಿಗೆ ಗೂಗಲ್ 2025ರ ಅಕ್ಟೋಬರಿನಲ್ಲಿ ಆಪ್ ಸಂಪರ್ಕ ನಿಲ್ಲಿಸಿದೆ. ಗೋಡೆಯ ಮೇಲೆ ಕೈಯಲ್ಲಿ ತಿರುಗಿಸಬಹುದು, ಫೋನಿನಲ್ಲಿ ಆಗದು. ಹಾಗೆ ತಿರುಗಿಸುವುದೇ ಆದರೆ ಹಳೆಯ ದುಂಡನೆಯದೇ ಸಾಕಲ್ವಾ?

ಉಳಿತಾಯದ ಲೆಕ್ಕ. ದಿನಕ್ಕೆ 8 ಗಂಟೆ ಹೊತ್ತು 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿ ಇಟ್ಟರೆ ವರ್ಷಕ್ಕೆ ಶೇಕಡಾ 10ರವರೆಗೆ ಉಳಿಯಬಹುದು ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. "ವರೆಗೆ" ಅನ್ನುವ ಪದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ, ಟೀಚರ್ ಅಲ್ವಾ ನೀವು. ಮತ್ತೆ, ರಾತ್ರಿ ಮಲಗುವಾಗ ಕೈಯಲ್ಲಿ ಇಳಿಸಿದರೂ ಅಷ್ಟೇ ಉಳಿಯುತ್ತದೆ. ಸ್ಮಾರ್ಟ್ ಮರೆಯುವುದಿಲ್ಲ, ನಾವು ಮರೆಯುತ್ತೇವೆ. ವ್ಯತ್ಯಾಸ ಅಷ್ಟೇ. ಅಳಿಯ ಮನೆಯಿಂದಲೇ ಕೆಲಸ ಮಾಡುವವನಾದರೆ ಹಗಲಿನ ಉಳಿತಾಯ ಸೊನ್ನೆ.

ಆಸೆಗೆ ಬಿದ್ದು ತುಂಬ ಇಳಿಸುವುದೂ ಬೇಡ. ಕಬ್ಬಿಣದ ರೇಡಿಯೇಟರ್ ನಮ್ಮ ಬಚ್ಚಲಿನ ಹಂಡೆಯ ಜಾತಿ. ಕಾಯಲು ಹೊತ್ತು ಬೇಕು, ಕಾದ ಮೇಲೆ ಬೇಗ ತಣಿಯುವುದಿಲ್ಲ. ರಾತ್ರಿ 68ರಿಂದ 62ಕ್ಕೆ ಇಳಿಸಿದರೆ ಬೆಳಗ್ಗೆ ಏಳುವ ಹೊತ್ತಿಗೆ ಸರಿಹೋಗುತ್ತದೆ. 55ಕ್ಕೆ ಇಳಿಸಿದರೆ ಮಧ್ಯಾಹ್ನದವರೆಗೆ ಶಾಲು ಹೊದ್ದು ಕೂರಬೇಕಾದೀತು. ಮತ್ತೊಂದು, ತೀರಾ ತಣ್ಣಗಿನ ನೀರು ಬಹಳ ಹೊತ್ತು ಬಾಯ್ಲರಿಗೆ ವಾಪಸು ಬರುತ್ತಿದ್ದರೆ ಹೊಗೆಯಲ್ಲಿರುವ ನೀರಾವಿ ಒಳಗೇ ಬೆವರಿ ಹುಳಿ ನೀರಾಗಿ ಕಬ್ಬಿಣ ತಿನ್ನುತ್ತದೆ. ಮನೆ ಬೀಗ ಹಾಕಿ ಹೋಗುವಾಗಲೂ 55ರ ಕೆಳಗೆ ಬೇಡ. ಹೊರಗೋಡೆಯ ಒಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆದರೆ ಉಳಿಸಿದ್ದೆಲ್ಲ ಪ್ಲಂಬರಿಗೆ.

ಹಾಕಿದ ಮೇಲೆ ಸೆಟ್ಟಿಂಗ್‌ನಲ್ಲಿ ಎಣ್ಣೆ, ಬಿಸಿನೀರಿನ ರೇಡಿಯೇಟರ್ ಅಂತ ಸರಿಯಾಗಿ ಆರಿಸಬೇಕು. ಬಿಸಿಗಾಳಿ ಅಂತ ಬಿಟ್ಟರೆ ಸುಮ್ಮನೆ ಹತ್ತಿ ಆರಿ ಹತ್ತಿ ಆರಿ ಮಾಡುತ್ತದೆ.

ಇನ್ನು ನಿಮ್ಮ ಚಳಿಯ ವಿಷಯ. ಇದನ್ನು ಯಾರೂ ಹೇಳುವುದಿಲ್ಲ, ಕೇಳಿ. ಈ ಯಂತ್ರಗಳಲ್ಲಿ ಕೆಲವಕ್ಕೆ ಚಲನೆ ನೋಡುವ ಕಣ್ಣು ಉಂಟು. ಮನೆಯಲ್ಲಿ ಯಾರೂ ಓಡಾಡದಿದ್ದರೆ ಎಲ್ಲ ಹೊರಗೆ ಹೋಗಿದ್ದಾರೆ ಅಂದುಕೊಂಡು ತಾನೇ ಇಳಿಸುತ್ತದೆ. ಮಗ, ಸೊಸೆ ಆಫೀಸಿಗೆ ಹೋದ ಮೇಲೆ ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪದಬಂಧ ಬಿಡಿಸುತ್ತಾ ಕೂರುತ್ತಿದ್ದೆ. ಥರ್ಮೋಸ್ಟಾಟ್ ಇದ್ದದ್ದು ಓಣಿಯಲ್ಲಿ. ಒಂದು ದಿನ ಹನ್ನೊಂದರ ಹೊತ್ತಿಗೆ ಕೈ ಸೆಟೆದು ಪೆನ್ನು ಹಿಡಿಯಲಾಗಲಿಲ್ಲ. ಎದ್ದು ಹೋಗಿ ನೋಡಿದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಅದು ತೀರ್ಮಾನಿಸಿಯಾಗಿತ್ತು! ಮಗನಿಗೆ ನಗು, ನನಗೆ ಸಿಟ್ಟು. ನೀವು ಹೋದ ದಿನವೇ ಆ ಸೌಲಭ್ಯ ಆಫ್ ಮಾಡಿಸಿ.

ಎಣ್ಣೆ ಎಷ್ಟು ಉಂಟು ಅಂತಲೂ ಅದಕ್ಕೆ ಗೊತ್ತಿಲ್ಲ. ಟ್ಯಾಂಕಿಯ ಮೇಲಿನ ಮುಳ್ಳನ್ನು ಕಣ್ಣಿನಲ್ಲೇ ನೋಡಬೇಕು. ಅಂದಾಜಿಗೆ ಒಂದು ಲೆಕ್ಕ ಕಲಿತುಕೊಳ್ಳಿ. ಬರ್ನರಿನ ನಾಜಲಿನ ಮೇಲೆ ಒಂದು ಸಂಖ್ಯೆ ಕೊರೆದಿರುತ್ತದೆ. ಸರ್ವೀಸಿಗೆ ಬಂದವರು ಚೀಟಿಯಲ್ಲೂ ಬರೆಯುತ್ತಾರೆ. 0.85 ಅಂತಿದ್ದರೆ ಒಂದು ಗಂಟೆ ಉರಿದಾಗ ಸುಮಾರು 0.85 ಗ್ಯಾಲನ್. ಪಂಪಿನ ಒತ್ತಡ ಏರಿಸಿದ್ದರೆ ಸ್ವಲ್ಪ ಜಾಸ್ತಿ. ದಿನಕ್ಕೆ ಎಷ್ಟು ಗಂಟೆ ಬಿಸಿ ಕೇಳಿದೆ ಅಂತ ಆಪ್ ತೋರಿಸುತ್ತದೆ. 8 ಗಂಟೆಯಾದರೆ 6.8 ಗ್ಯಾಲನ್, ನಮ್ಮ 26 ಲೀಟರ್ ಹತ್ತಿರ. ಬೇಸ್‌ಮೆಂಟಿನ ಮಾಮೂಲಿ ಟ್ಯಾಂಕಿ 275 ಗ್ಯಾಲನ್ನಿನದು, ಕಂಠದವರೆಗೆ ತುಂಬಿಸುವುದಿಲ್ಲ. 250 ಹಿಡಿದರೆ 36 ದಿನ. ಬಾಯ್ಲರಿನ ನೀರು ಸಾಕಷ್ಟು ಕಾದಾಗ ಬರ್ನರು ನಡುನಡುವೆ ತಾನೇ ನಿಲ್ಲುತ್ತದೆ, ಹಾಗಾಗಿ ನಿಜವಾದ ಖರ್ಚು ಇದಕ್ಕಿಂತ ಕಡಿಮೆ ಇರುತ್ತದೆ. ಊರಿನಿಂದ ಕೊಂಡುಹೋದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಹಾಗೆ ನಾನು ದಿನಾ ಬರೆಯುತ್ತಿದ್ದೆ. ಸೊಸೆಗೆ ಅದು ತಮಾಷೆ. ಆದರೆ ಎಣ್ಣೆ ಲಾರಿಗೆ ಯಾವಾಗ ಫೋನ್ ಮಾಡಬೇಕು ಅಂತ ಆಮೇಲೆ ನನ್ನನ್ನೇ ಕೇಳುತ್ತಿದ್ದಳು.

ಬರ್ನರಿನ ಮೇಲೆ ಒಂದು ಕೆಂಪು ಗುಂಡಿ ಉಂಟು. ಬೆಂಕಿ ಹತ್ತದೆ ನಿಂತರೆ ಅದನ್ನು ಒಂದೇ ಸಲ ಒತ್ತಬೇಕು. ಹತ್ತಲಿಲ್ಲವೋ, ಕೈ ತೆಗೆದು ಮೆಕ್ಯಾನಿಕ್‌ಗೆ ಫೋನ್ ಮಾಡಿ. ಲಿಫ್ಟಿನ ಗುಂಡಿಯ ಹಾಗೆ ಮತ್ತೆ ಮತ್ತೆ ಒತ್ತಿದರೆ ಒತ್ತಿದಷ್ಟು ಸಲವೂ ಉರಿಯದ ಎಣ್ಣೆ ಒಳಗೆ ಸೇರುತ್ತದೆ. ಕೊನೆಗೊಮ್ಮೆ ಕಿಡಿ ತಾಗಿದಾಗ ಢಂ ಅಂತ ಹೊಗೆ ಹಿಂದಕ್ಕೆ ನುಗ್ಗಿ ಮನೆಯಿಡೀ ಮಸಿ. ಕಾರ್ಖಾನೆಯಲ್ಲಿ ನಮಗೆ ಕಲಿಸಿದ ಮೊದಲ ಪಾಠ ಇದು. ಮಗಳಿಗೂ ಅಳಿಯನಿಗೂ ಕಂಠಪಾಠ ಮಾಡಿಸಿ. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಾಸನೆಯಿಲ್ಲದ ವಿಷಗಾಳಿಗೆ ಕೂಗುವ ಅಲಾರಂ ಉಂಟಾ ಅಂತಲೂ ಕೇಳಿ.

ಆಪ್ ನಿಮ್ಮ ಫೋನಿಗೆ ಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ. ನನ್ನ ಹೆಂಡತಿಯ ಫೋನಿನಲ್ಲಿ ಮಗ ಹಾಕಿಕೊಟ್ಟಿದ್ದ. ಊರಿಗೆ ಬಂದ ಮೇಲೆ ಒಂದು ದಿನ ಮಧ್ಯಾಹ್ನ ಮೂರಕ್ಕೆ ಅದರಲ್ಲಿ 61 ಅಂತ ನೋಡಿ ಹೆದರಿ ಫೋನ್ ಮಾಡಿದಳು. ಅಲ್ಲಿ ಚಳಿಗಾಲದ ಬೆಳಗಿನ ನಾಲ್ಕೂವರೆ. ರಾತ್ರಿ ಇಳಿಸಿ ಮಲಗಿದ್ದರು ಅಷ್ಟೇ. ಮನೆ ಖಾಲಿ ಇರುವಾಗ 50ರ ಕೆಳಗೆ ಇಳಿದರೆ ಮಗಳ ಫೋನಿಗೆ ಎಚ್ಚರಿಕೆ ಬರುವ ಹಾಗೆ ಮಾಡಿಟ್ಟರೆ ಸಾಕು.

ಹಳೆಯದನ್ನು ಮಾತ್ರ ತರಬೇಡಿ. ಅದರ ಪಾದರಸ ಜ್ವರ ನೋಡುವ ಕಡ್ಡಿಯಲ್ಲಿ ಇರುವುದಕ್ಕಿಂತ ಎಷ್ಟೋ ಜಾಸ್ತಿ. ಬ್ಯಾಗಿನಲ್ಲಿ ಒಡೆದರೆ ಕಷ್ಟ, ವಿಮಾನದಲ್ಲಿ ಇನ್ನೂ ಕಷ್ಟ. ಕಸದ ಡಬ್ಬಕ್ಕೂ ಹಾಕಬಾರದು. ಅಪಾಯದ ಕಸ ತೆಗೆದುಕೊಳ್ಳುವ ಜಾಗ ಅಲ್ಲಿನ ಊರುಗಳಲ್ಲಿ ಇರುತ್ತದೆ. ಚಂದ ಅಂದಿರಲ್ಲ, ಅದು ನಿಜ. ಹನಿವೆಲ್‌ನವರ ಆ ದುಂಡು ಮಾದರಿ 1953ರದು, ಹೆನ್ರಿ ಡ್ರೈಫಸ್ ಅನ್ನುವ ವಿನ್ಯಾಸಕಾರನ ಕೈಯದು. ಒಂದು ಫೋಟೋ ತೆಗೆದುಕೊಂಡು ಬನ್ನಿ.

ಪ್ರಶ್ನೆ: ಗೀಸರಿಗೆ ಸ್ಮಾರ್ಟ್ ಪ್ಲಗ್ ಹಾಕಿದ್ದೆವು. ತಿಂಗಳೊಳಗೆ ಪಿನ್ನಿನ ಸುತ್ತ ಕಪ್ಪಾಗಿದೆ, ಸುಟ್ಟ ವಾಸನೆ. ಪ್ಲಗ್ಗಿನ ದೋಷವೇ?
– ಓದುಗರು, ಸುರತ್ಕಲ್

ಉತ್ತರ: ಮೊದಲು ಅದನ್ನು ಕಳಚಿ, ಆಮೇಲೆ ಮುಂದೆ ಓದಿ. 2 ಕಿಲೋವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 8.7 ಆಂಪ್. 3 ಕಿಲೋವ್ಯಾಟಿನದು 13. ನೀವು ಹಾಕಿದ್ದು 6 ಆಂಪಿನದೋ 10ರದೋ ನೋಡಿ. 16 ಆಂಪಿನದೇ ಬೇಕು, ಸಾಕೆಟ್ಟೂ 16ರದೇ. ಇನ್ನು ನಿಮ್ಮದು ಕಡಲ ಬದಿ. ಉಪ್ಪುಗಾಳಿಗೆ ಹಿತ್ತಾಳೆಯ ಪಿನ್ನು ಹಸಿರುಗಟ್ಟಿ ಹಿಡಿತ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ. ಸಾಕೆಟ್ಟನ್ನೂ ಬದಲಿಸಿ. ಕರೆಂಟು ಹೋಗಿ ಬಂದಾಗ ಪ್ಲಗ್ಗು ಆಫ್ ಆಗಿಯೇ ಇರುವಂತೆ ಆಪ್‌ನಲ್ಲಿ ಇಡಬೇಕು, ಇಲ್ಲದಿದ್ದರೆ ನೀವು ಮಂಗಳೂರಿಗೆ ಹೋದಾಗ ಗೀಸರ್ ತಾನೇ ಆನ್ ಆಗಿರುತ್ತದೆ.

ನಿಜ ಹೇಳಬೇಕೆಂದರೆ ಇದು ಬೇಕೇ? ನಮ್ಮ ನಲ್ಲಿ ನೀರೇ 27 ಡಿಗ್ರಿ ಇರುತ್ತದೆ. 15 ಲೀಟರನ್ನು 60ಕ್ಕೆ ಕಾಯಿಸಲು ಮುಕ್ಕಾಲು ಯೂನಿಟ್ಟೂ ಬೇಡ, 2 ಕಿಲೋವ್ಯಾಟಿನಲ್ಲಿ 18 ನಿಮಿಷ. ಹಲ್ಲುಜ್ಜುವ ಮೊದಲು ಸ್ವಿಚ್ಚು ಹಾಕಿ, ಕಾಫಿ ಕುಡಿದು ಬನ್ನಿ.

ಪ್ರಶ್ನೆ: ಏಸಿಯನ್ನು 18ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎನ್ನುತ್ತಾರೆ ನಮ್ಮವರು. 24 ಸಾಕು ಎನ್ನುತ್ತೇನೆ ನಾನು. ಯಾರು ಸರಿ?
– ಓದುಗರು, ಮಣಿಪಾಲ

ಉತ್ತರ: ನೀವು. ಕೋಣೆ ಬಿಸಿಯಾಗಿರುವಾಗ 18ಕ್ಕೆ ಇಟ್ಟರೂ 24ಕ್ಕೆ ಇಟ್ಟರೂ ಏಸಿ ಶುರುವಿಗೆ ತನ್ನ ಪೂರ್ತಿ ಜೋರಿನಲ್ಲೇ ಓಡುತ್ತದೆ. 24 ಮುಟ್ಟುವ ಹೊತ್ತು ಎರಡಕ್ಕೂ ಹೆಚ್ಚುಕಡಿಮೆ ಒಂದೇ. 18ಕ್ಕೆ ಇಟ್ಟರೆ ಅಲ್ಲಿಂದ ಮುಂದೆಯೂ ನಿಲ್ಲದೆ ಓಡುತ್ತದೆ, ನಮ್ಮವರು ಕಂಬಳಿ ಹೊದೆಯುತ್ತಾರೆ, ಬಿಲ್ಲು ನೀವು ಕಟ್ಟುತ್ತೀರಿ. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ಏಸಿಗಳು 24ಕ್ಕೇ ಶುರುವಾಗಬೇಕು ಅನ್ನುವ ನಿಯಮವೂ ಉಂಟು. ರಿಮೋಟಿನ ಯಾಜಮಾನ್ಯ ಯಾರದ್ದು ಅನ್ನುವುದನ್ನು ಮಾತ್ರ ನೀವೇ ತೀರ್ಮಾನ ಮಾಡಿಕೊಳ್ಳಿ.